ಬೆರಳಿನ ಕ್ಲಿಪ್ ಹೇಳದ ಲೆಕ್ಕ: ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡವರ ಸಿಓಟು ನೋಡಲು ಯಾವ ಪರೀಕ್ಷೆ?

ನಮ್ಮ ಮಾವನವರಿಗೆ ಮನೆಯಲ್ಲಿ ಆಕ್ಸಿಜನ್ ಹಾಕಲು ಶುರು ಮಾಡಿ ಇದು ಮೂರನೇ ಮಳೆಗಾಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಲವತ್ತು ವರ್ಷ ಬೀಡಿ ಸೇದಿದ್ದಾರೆ. ಅದು ಸಾಲದು ಅಂತ ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನೊಳಗೆ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದ್ದರು. ಈಗ ಸಿಓಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ, ವಾಸಿಯಾಗದ ಕಾಯಿಲೆ. ಡಾಕ್ಟರು ಬರೆದುಕೊಟ್ಟದ್ದು ನಿಮಿಷಕ್ಕೆ ಒಂದೂವರೆ ಲೀಟರ್, ದಿನಕ್ಕೆ ಕನಿಷ್ಠ 15 ಗಂಟೆ.

ಕಳೆದ ವರ್ಷ ಜುಲೈಯಲ್ಲಿ ಒಂದು ರಾತ್ರಿ ಅವರಿಗೆ ದಮ್ಮು ಜಾಸ್ತಿಯಾಯಿತು. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಕ್ಲಿಪ್ ಹಾಕಿ ನೋಡಿದರೆ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ನಿನ ಶೇಕಡಾ ಲೆಕ್ಕ, 84. ನಾನೇ ಎದ್ದು ಮಿಷನಿನ ತಿರುಪು ತಿರುಗಿಸಿ ನಾಲ್ಕಕ್ಕೆ ಇಟ್ಟೆ. ಹತ್ತು ನಿಮಿಷದಲ್ಲಿ 96. ಅತ್ತೆ ಉಸ್ಸಪ್ಪಾ ಅಂದರು, ಮಾವ ನಿದ್ದೆ ಹೋದರು, ನಾವೂ ಮಲಗಿದೆವು. ಬೆಳಿಗ್ಗೆ ಕಾಫಿಗೆ ಎಬ್ಬಿಸಿದರೆ ಏಳುತ್ತಿಲ್ಲ. ಕಣ್ಣು ಅರ್ಧ ತೆರೆದು ಏನೋ ತೊದಲುತ್ತಾರೆ, ಅಂಗೈ ಬಿಸಿ ಬಿಸಿ, ಮುಖ ಕೆಂಪು. ಕ್ಲಿಪ್ ಹಾಕಿದರೆ ಆಗಲೂ 96! ಇಷ್ಟು ಒಳ್ಳೆಯ ನಂಬರ್ ಇರುವ ಮನುಷ್ಯನಿಗೆ ಏನಾಯಿತು ಅಂತ ನಮಗೆ ತಲೆಬುಡ ಗೊತ್ತಾಗಲಿಲ್ಲ. ಮಂಗಳೂರಿಗೆ ಕರಕೊಂಡು ಹೋಗಿ ಮಣಿಕಟ್ಟಿನಿಂದ ರಕ್ತ ತೆಗೆದ ಮೇಲೆ ಗೊತ್ತಾಯಿತು, ರಕ್ತದ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಓಟು, 78 (mmHg ಅನ್ನುವ ಒತ್ತಡದ ಅಳತೆಯಲ್ಲಿ). ಇರಬೇಕಾದದ್ದು 35ರಿಂದ 45.

ಐದು ದಿನ ಬೈಪ್ಯಾಪ್ (ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ಸಹಾಯ ಮಾಡುವ ಯಂತ್ರ) ಹಾಕಿದರು, ಉಳಿದರು. ಮನೆಗೆ ಬಂದ ಮೇಲೆ ನನಗೆ ಒಂದೇ ಯೋಚನೆ. ಪ್ರತಿ ಸಲ ಮಣಿಕಟ್ಟಿಗೆ ಚುಚ್ಚದೆ ಈ ಸಿಓಟು ನೋಡುವ ದಾರಿ ಇಲ್ಲವಾ? ಇದೆ, ಒಂದಲ್ಲ ನಾಲ್ಕೈದು ಇವೆ. ಆದರೆ ಒಂದು ದಾರಿ ಹೇಳುವುದನ್ನು ಇನ್ನೊಂದು ಹೇಳುವುದಿಲ್ಲ. ನಿಮಗೆ ಬೇಕಾದದ್ದು ಈ ಹೊತ್ತಿನ ಪಕ್ಕಾ ನಂಬರಾ, ಇಡೀ ರಾತ್ರಿಯ ಏರಿಳಿತವಾ, ಅಥವಾ ಸುಮ್ನೆ 'ಗಾಬರಿ ಪಡುವಂಥದ್ದು ಏನೂ ಇಲ್ಲ' ಅನ್ನುವ ಧೈರ್ಯವಾ, ಅದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ನಾನು ಡಾಕ್ಟರಲ್ಲ, ಮನೆಯಲ್ಲಿ ನೋಡಿಕೊಳ್ಳುವ ಸೊಸೆ. ಒಂದು ವರ್ಷ ಡಾಕ್ಟರುಗಳ ತಲೆ ತಿಂದು, ಓದಿ, ಎರಡು ಸಲ ದುಡ್ಡು ಹಾಳು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಕ್ಲಿಪ್ ಯಾಕೆ ಸಾಲದು

ಶ್ವಾಸಕೋಶಕ್ಕೆ ಎರಡು ಕೆಲಸ. ಆಕ್ಸಿಜನ್ ಒಳಗೆ ತರುವುದು, ಸಿಓಟು ಹೊರಗೆ ಹಾಕುವುದು. ಮನೆಯ ಮಿಷನ್ ಸಹಾಯ ಮಾಡುವುದು ಮೊದಲನೆಯದಕ್ಕೆ ಮಾತ್ರ. ನಮ್ಮ ಕಡೆಯವರಿಗೆ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಸ್ಪ್ರಿಂಕ್ಲರ್ ಬಿಟ್ಟರೆ ಅಡಿಕೆ ಮರಕ್ಕೆ ನೀರು ಬಂತು. ಆದರೆ ನೀರು ಹರಿದುಹೋಗುವ ಕಣಿ ಮುಚ್ಚಿಹೋಗಿದ್ದರೆ ನೀರು ಬುಡದಲ್ಲೇ ನಿಂತು ಬೇರು ಕೊಳೆಯುತ್ತದೆ. ಬೆರಳಿನ ಕ್ಲಿಪ್ ನೋಡುವುದು ಸ್ಪ್ರಿಂಕ್ಲರನ್ನು, ಕಣಿಯನ್ನಲ್ಲ. 1970ರ ದಶಕದಲ್ಲಿ ಜಪಾನಿನ ತಕುಓ ಅಯೋಯಾಗಿ ಎಂಬ ಎಂಜಿನಿಯರ್ ಹುಡುಕಿದ ವಿದ್ಯೆ ಇದು. ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತ ಎಷ್ಟು ಕೆಂಪಾಗಿದೆ ಅಂತ ಅಳೆಯುತ್ತದೆ. ಸಿಓಟು ಅದರ ಲೆಕ್ಕದಲ್ಲೇ ಇಲ್ಲ.

ಇನ್ನೂ ಒಂದು ಮಾತು. ಹೊರಗಿನ ಆಕ್ಸಿಜನ್ ಹಾಕದೆ ಸುಮ್ನೆ ಗಾಳಿ ಎಳೆಯುವವರಲ್ಲಿ ಉಸಿರಾಟ ಕಮ್ಮಿಯಾದರೆ ಸ್ಯಾಚುರೇಶನ್ ಇಳಿಯುತ್ತದೆ, ಕ್ಲಿಪ್ ಕೂಗುತ್ತದೆ. ಆಕ್ಸಿಜನ್ ಹಾಕಿಕೊಂಡವರಲ್ಲಿ ಆ ಕೂಗು ಕೇಳುವುದಿಲ್ಲ. ಉಸಿರು ಎಷ್ಟು ಸಣ್ಣದಾದರೂ ಮೂಗಿನ ಪೈಪಿನಿಂದ ಬರುವ ಆಕ್ಸಿಜನ್ ನಂಬರನ್ನು ಮೇಲೇ ಹಿಡಿದಿರುತ್ತದೆ. ಅಂದರೆ ಯಾರಿಗೆ ಸಿಓಟು ಏರುವ ಅಪಾಯ ಜಾಸ್ತಿಯೋ ಅವರಲ್ಲೇ ಕ್ಲಿಪ್ ಬಾಯಿಮುಚ್ಚಿ ಕೂರುತ್ತದೆ.

ಜಾಸ್ತಿ ಆಕ್ಸಿಜನ್ ಕೊಟ್ಟರೆ ಸಿಓಟು ಏರುವುದು ಯಾಕೆ? 'ಮೆದುಳು ಉಸಿರಾಡಲು ಮರೆಯುತ್ತದೆ' ಅಂತ ಹೇಳುವವರೇ ಜಾಸ್ತಿ. ಅದು ಕಥೆಯ ಒಂದು ತುಣುಕು. ಹಾಳಾದ ಶ್ವಾಸಕೋಶ ಗಾಳಿ ಸರಿಯಾಗಿ ಆಡದ ಕಡೆಗೆ ರಕ್ತ ಹೋಗದಂತೆ ಅಲ್ಲಿನ ನಾಳಗಳನ್ನು ತಾನೇ ಬಿಗಿದುಕೊಂಡಿರುತ್ತದೆ. ನಾವು ಆಕ್ಸಿಜನ್ ಸುರಿದರೆ ಆ ಬಿಗಿತ ಸಡಿಲವಾಗಿ ರಕ್ತ ಕೆಲಸಕ್ಕೆ ಬಾರದ ಜಾಗಕ್ಕೆ ಹರಿಯುತ್ತದೆ, ಸಿಓಟು ಹೊರಹಾಕಲಾಗದೆ ವಾಪಸ್ ಬರುತ್ತದೆ. ಜೊತೆಗೆ, ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಸಿಓಟುವನ್ನು ಕೆಳಗಿಳಿಸುತ್ತದೆ. ಅದಕ್ಕೇ ಸಿಓಟು ಹಿಡಿದಿಟ್ಟುಕೊಳ್ಳುವ ಸ್ವಭಾವದ ರೋಗಿಗಳಿಗೆ ಸ್ಯಾಚುರೇಶನ್ 88ರಿಂದ 92 ಸಾಕು ಅನ್ನುವುದು. 96 ನೋಡಿ ನಾನು ಖುಷಿಪಟ್ಟದ್ದೇ ತಪ್ಪು.

ಮೊದಲು, ಕೊಳ್ಳಬಾರದ್ದು

ಬೆಂಗಳೂರಿನಲ್ಲಿರುವ ಮೈದುನ ವಿಷಯ ಕೇಳಿದವನೇ ಆನ್‌ಲೈನಿನಲ್ಲಿ ಒಂದು 'ಸಿಓಟು ಮಾನಿಟರ್' ತರಿಸಿ ಕಳಿಸಿದ. ಚಂದದ ಬಿಳಿ ಡಬ್ಬಿ, ಹಸಿರು ಅಕ್ಷರ. ಮಾವನ ಹಾಸಿಗೆಯ ಪಕ್ಕ ಇಟ್ಟೆವು. 612 ತೋರಿಸಿತು. ಎಲ್ಲರ ಎದೆ ಧಸಕ್ಕಂತು. ಕಿಟಕಿ ತೆಗೆದರೆ 450ಕ್ಕೆ ಇಳಿಯಿತು. ಮಗ ಅದರ ಬಾಯಿಗೇ ಊದಿದ, 5000ಕ್ಕೆ ಹೋಗಿ ಅಲ್ಲೇ ನಿಂತಿತು.

ಅದು ಕೋಣೆಯ ಗಾಳಿ ಅಳೆಯುವ ಡಬ್ಬಿ. ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಸಿಓಟು ಅಂತ ಹೇಳುತ್ತದೆ. ಹೊರಗಿನ ಗಾಳಿಯಲ್ಲೇ ಈಗ 420ರ ಮೇಲಿದೆ. ನಾವು ಬಿಡುವ ಉಸಿರಿನಲ್ಲಿ ನಾಲ್ಕೈದು ಶೇಕಡಾ, ಅಂದರೆ 40,000ಕ್ಕೂ ಜಾಸ್ತಿ. ರೋಗಿಯ ರಕ್ತಕ್ಕೂ ಈ ಡಬ್ಬಿಗೂ ಸಂಬಂಧವೇ ಇಲ್ಲ. ಈಗ ಅದು ಚಾವಡಿಯಲ್ಲಿ ಗಡಿಯಾರದ ಹಾಗೆ ಕೂತಿದೆ, ಸಮಯವನ್ನೂ ತೋರಿಸುತ್ತದೆ ಅನ್ನುವುದೊಂದು ಸಮಾಧಾನ.

ಮಣಿಕಟ್ಟಿನ ರಕ್ತ, ಅಂದರೆ ಎಬಿಜಿ

ಉಳಿದ ಎಲ್ಲ ಪರೀಕ್ಷೆಗಳನ್ನೂ ಅಳೆದು ನೋಡುವುದು ಇದರ ಜೊತೆ ಇಟ್ಟು. ಮಣಿಕಟ್ಟಿನಲ್ಲಿ ನಾಡಿ ಬಡಿಯುವ ಆರ್ಟರಿಯಿಂದ ರಕ್ತ ತೆಗೆದರೆ ಆಕ್ಸಿಜನ್, ಸಿಓಟು, ಪಿಎಚ್ (ರಕ್ತ ಎಷ್ಟು ಹುಳಿಯಾಗಿದೆ ಅನ್ನುವ ಲೆಕ್ಕ) ಮೂರೂ ಒಟ್ಟಿಗೆ ಸಿಗುತ್ತವೆ. ಸಿಓಟು 60 ಅನ್ನುವುದಷ್ಟೇ ಸಾಲದು. ಪಿಎಚ್ 7.35ಕ್ಕಿಂತ ಕೆಳಗಿದ್ದರೆ ಅದು ಈಗಷ್ಟೇ ಏರಿದ್ದು, ಗಡಿಬಿಡಿ ಮಾಡಬೇಕು. ಪಿಎಚ್ ಸರಿ ಇದ್ದರೆ ದೇಹ ನಿಧಾನವಾಗಿ ಅದಕ್ಕೆ ಒಗ್ಗಿಕೊಂಡಿದೆ ಅಂತ ಅರ್ಥ. ಈ ವ್ಯತ್ಯಾಸವನ್ನು ಚರ್ಮದ ಮೇಲೆ ಇಡುವ ಯಾವ ಯಂತ್ರವೂ ಹೇಳಲಾರದು.

ತೊಂದರೆ ನೋವಿನದ್ದು. ಆರ್ಟರಿ ಆಳದಲ್ಲಿರುತ್ತದೆ, ಸೂಜಿ ಚೆನ್ನಾಗಿ ನೋಯಿಸುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಮೊದಲು ಕೊಡಿ ಅಂತ ಕೇಳಬಹುದು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಮಗೆ ಇದು ಗೊತ್ತಾಗಲು ನಾಲ್ಕು ಸಲ ಚುಚ್ಚಿಸಿಕೊಳ್ಳಬೇಕಾಯಿತು. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ತೆಗೆದ ಮೇಲೆ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹತ್ತಿ ಎತ್ತಿ ಎತ್ತಿ ನೋಡಬೇಡಿ.

ನಮ್ಮ ಊರಿನವರಿಗೆ ಇನ್ನೊಂದು ತೊಂದರೆ. 'ಲ್ಯಾಬಿನ ಹುಡುಗ ಮನೆಗೆ ಬಂದು ತೆಗೆದುಕೊಂಡು ಹೋಗಲಿ' ಅಂದರೆ ಆಗುವುದಿಲ್ಲ. ಸಿರಿಂಜಿನೊಳಗೂ ರಕ್ತಕಣಗಳು ಬದುಕಿದ್ದು ಆಕ್ಸಿಜನ್ ತಿನ್ನುತ್ತಾ ಸಿಓಟು ಬಿಡುತ್ತಾ ಇರುತ್ತವೆ. ಅರ್ಧ ಗಂಟೆಯೊಳಗೆ ಮಿಷನಿಗೆ ಹಾಕಬೇಕು. ಬದಿಯಡ್ಕದಿಂದ ಮಂಗಳೂರು ತಲುಪುವಷ್ಟರಲ್ಲಿ ಅರ್ಧ ಗಂಟೆ ಎಲ್ಲೋ ಕುಂಬಳೆ ಆಚೆಯೇ ಮುಗಿದಿರುತ್ತದೆ. ಹಾಗಾಗಿ ಮಿಷನ್ ಇದ್ದಲ್ಲಿಗೆ ರೋಗಿಯೇ ಹೋಗಬೇಕು. ದೊಡ್ಡ ಆಸ್ಪತ್ರೆಯ ಐಸಿಯು ಇದ್ದ ಕಡೆ ಸಾಮಾನ್ಯವಾಗಿ ಈ ಮಿಷನ್ ಇರುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ರಿಪೋರ್ಟ್ ಕೈಗೆ ಬಂದ ತಕ್ಷಣ ಒಂದು ನೋಡಿ. ರಕ್ತ ತೆಗೆಯುವಾಗ ಎಷ್ಟು ಲೀಟರ್ ಆಕ್ಸಿಜನ್ ಇತ್ತು ಅಂತ ಬರೆದಿದ್ದಾರಾ? ಇಲ್ಲದಿದ್ದರೆ ನೀವೇ ಪೆನ್ನಿನಲ್ಲಿ ಬರೆಯಿರಿ. ಅದಿಲ್ಲದ ರಿಪೋರ್ಟನ್ನು ಆರು ತಿಂಗಳ ನಂತರದ ರಿಪೋರ್ಟಿನ ಜೊತೆ ಹೋಲಿಸಲು ಬರುವುದಿಲ್ಲ. ಲೀಟರ್ ಬದಲಿಸಿದ್ದರೆ ಅರ್ಧ ಗಂಟೆ ಕಳೆದ ಮೇಲೆಯೇ ರಕ್ತ ಕೊಡಬೇಕು.

ಕೈಯ ರಕ್ತ, ಕಿವಿಯ ರಕ್ತ

ಮಾಮೂಲಿ ಹಾಗೆ ಮೊಣಕೈ ಹತ್ತಿರದ ವೇನ್‌ನಿಂದ ರಕ್ತ ತೆಗೆದು ಅದೇ ಮಿಷನಿಗೆ ಹಾಕಬಹುದು. ನೋವು ಕಮ್ಮಿ. ಅದರಲ್ಲಿ ಸಿಓಟು ಆರ್ಟರಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ, ಎಷ್ಟು ಜಾಸ್ತಿ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ. ಹಾಗಾಗಿ ಇದು ಒಂದೇ ಕಡೆಗೆ ನಂಬಬಹುದಾದ ಪರೀಕ್ಷೆ. ವೇನ್ ರಕ್ತದಲ್ಲಿ 45ರ ಒಳಗಿದ್ದರೆ ಆರ್ಟರಿಯಲ್ಲಿ ಏರಿರುವ ಸಾಧ್ಯತೆ ತೀರಾ ಕಡಿಮೆ, ನಿಶ್ಚಿಂತೆಯಿಂದ ಮನೆಗೆ ಬನ್ನಿ. 45 ದಾಟಿದರೆ ಮಾತ್ರ ಮಣಿಕಟ್ಟು ಚುಚ್ಚಿಸಿ. 'ಇಲ್ಲ' ಅನ್ನಲು ಒಳ್ಳೆಯದು, 'ಇದೆ' ಅನ್ನಲು ಸಾಲದು.

ಕಿವಿಹಾಳೆಗೆ ಮುಲಾಮು ಹಚ್ಚಿ ಬಿಸಿಯಾಗಿಸಿ, ಸಣ್ಣಗೆ ಚುಚ್ಚಿ, ತೆಳು ಗಾಜಿನ ನಳಿಗೆಯಲ್ಲಿ ರಕ್ತ ಹಿಡಿಯುವ ಪದ್ಧತಿಯೂ ಇದೆ. ಜರ್ಮನಿ, ಬ್ರಿಟನ್ ಕಡೆ ಶ್ವಾಸಕೋಶದ ಕ್ಲಿನಿಕ್ಕುಗಳಲ್ಲಿ ಮಾಡುತ್ತಾರೆ. ಸಿಓಟು ಮತ್ತು ಪಿಎಚ್ ಆರ್ಟರಿಗೆ ಹತ್ತಿರ ಬರುತ್ತವೆ, ಆಕ್ಸಿಜನ್ ಅಷ್ಟು ಹತ್ತಿರ ಬರುವುದಿಲ್ಲ. ನಾವು ಹೋದ ಎರಡು ಕಡೆ ಕೇಳಿದಾಗ ದೊಡ್ಡವರಿಗೆ ಮಾಡುವ ರೂಢಿ ಇಲ್ಲ ಅಂದರು. ನಿಮ್ಮಲ್ಲಿ ಮಾಡುವವರಿದ್ದರೆ ಮಾಡಿಸಿ.

ಊರಿನ ಲ್ಯಾಬಿನ ಬೈಕಾರ್ಬನೇಟ್

ಹೆಚ್ಚಿನವರು ಕೇಳಿಯೇ ಇರದ ಅಗ್ಗದ ದಾರಿ ಇದು. ಸಿಓಟು ವಾರಗಟ್ಟಲೆ ಏರಿಯೇ ಇದ್ದರೆ ರಕ್ತ ಹುಳಿಯಾಗದಂತೆ ಕಿಡ್ನಿ ಬೈಕಾರ್ಬನೇಟ್ ಹಿಡಿದಿಟ್ಟುಕೊಳ್ಳುತ್ತದೆ. ಅದು 27 ದಾಟಿದ್ದರೆ ಸಿಓಟು ನಿಧಾನವಾಗಿ ಕೂಡಿಬರುತ್ತಿರಬಹುದು ಅಂತ ಸಂಶಯ ಪಡಬೇಕು. ರಕ್ತವನ್ನು ಮನೆಯಿಂದಲೇ ತೆಗೆದುಕೊಂಡು ಹೋಗಬಹುದು, ಕಾಸರಗೋಡು ಪೇಟೆಯ ಲ್ಯಾಬಿಗೆ ಕೊಟ್ಟರಾಯಿತು. ಆದರೆ ನಿನ್ನೆ ರಾತ್ರಿ ಏರಿದ್ದನ್ನು ಇದು ಹೇಳುವುದಿಲ್ಲ, ಕಿಡ್ನಿಗೆ ಒಗ್ಗಿಕೊಳ್ಳಲು ದಿನಗಳು ಬೇಕು. ಕಾಲು ಬಾತವರಿಗೆ ಕೊಡುವ ನೀರಿಳಿಸುವ ಮಾತ್ರೆಯೂ ಬೈಕಾರ್ಬನೇಟ್ ಏರಿಸುತ್ತದೆ. ಹಾಗಾಗಿ ಮಾತ್ರೆಯ ಚೀಟಿ ಜೊತೆಗಿಟ್ಟೇ ಡಾಕ್ಟರಿಗೆ ತೋರಿಸಿ.

ಇಲ್ಲೊಂದು ಬೋನು ಇದೆ, ನಾನು ಬಿದ್ದಿದ್ದೆ. ಕೆಲವು ಲ್ಯಾಬಿನವರು ಎಲೆಕ್ಟ್ರೋಲೈಟ್ ರಿಪೋರ್ಟಿನಲ್ಲಿ ಬೈಕಾರ್ಬನೇಟ್ ಅಂತ ಬರೆಯದೆ 'ಟೋಟಲ್ ಸಿಓಟು' ಅಂತ ಬರೆಯುತ್ತಾರೆ. ನಮ್ಮ ರಿಪೋರ್ಟಿನಲ್ಲಿ 'ಟೋಟಲ್ ಸಿಓಟು 34' ಅಂತ ಇತ್ತು. 35ರಿಂದ 45 ಇರಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದ ನಾನು 'ಬಹಳ ಚೆನ್ನಾಗಿದೆ, ಒಂದು ಕಮ್ಮಿಯೇ ಇದೆ' ಅಂತ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಅದು ಬೇರೆ ಅಳತೆ, ಬೇರೆ ಲೆಕ್ಕ. ಅಲ್ಲಿ 34 ಅಂದರೆ ಜಾಸ್ತಿ, ಚೆನ್ನಾಗಿಯೇ ಜಾಸ್ತಿ. ಇನ್ನು ಕೆಲವು ಲ್ಯಾಬಿನ ಎಲೆಕ್ಟ್ರೋಲೈಟ್ ಪರೀಕ್ಷೆಯಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ಲೋರೈಡ್ ಮಾತ್ರ ಇರುತ್ತದೆ. ಬೈಕಾರ್ಬನೇಟ್ ಬೇಕು ಅಂತ ಬಾಯಿಬಿಟ್ಟು ಕೇಳಬೇಕು.

ಉಸಿರಿನಲ್ಲಿ ಅಳೆಯುವುದು: ಕ್ಯಾಪ್ನೋಗ್ರಾಫ್

ಚುಚ್ಚುವುದೇ ಬೇಡ ಅನ್ನುವವರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಆಪರೇಶನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರ ಪಕ್ಕ ಅಲೆ ಅಲೆಯಾಗಿ ಗೆರೆ ಓಡುವ ಪರದೆ ಇರುತ್ತದಲ್ಲ, ಅದೇ. ಉಸಿರಿನ ಗಾಳಿಯ ಮೂಲಕ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಸಿಓಟು ಎಷ್ಟು ಬೆಳಕು ನುಂಗಿತು ಅಂತ ನೋಡುತ್ತದೆ. ಉಸಿರು ಬಿಡುವ ಕೊನೆಯಲ್ಲಿ ಬರುವ ನಂಬರ್, ಆರೋಗ್ಯವಂತರಲ್ಲಿ ರಕ್ತದ ಸಿಓಟುಗಿಂತ ಎರಡರಿಂದ ಐದು ಮಾತ್ರ ಕಮ್ಮಿ. ಹಾಗಾದರೆ ಇದೇ ಸಾಕಲ್ವಾ?

ಸಾಲದು. ಶ್ವಾಸಕೋಶ ಚೆನ್ನಾಗಿರುವವರಿಗೆ ಮಾತ್ರ ಆ ಲೆಕ್ಕ. ಸಿಓಪಿಡಿಯಲ್ಲಿ ಶ್ವಾಸಕೋಶದ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಖಾಲಿಯಾಗುತ್ತದೆ, ರಕ್ತವೇ ಹೋಗದ ಜಾಗದ ಬರಿಗಾಳಿ ಅದರ ಜೊತೆ ಬೆರೆಯುತ್ತದೆ. ಅಲೆ ಚೌಕಾಕಾರ ಬರುವ ಬದಲು ಶಾರ್ಕಿನ ರೆಕ್ಕೆಯ ಹಾಗೆ ಓರೆಯಾಗಿ ಏರುತ್ತದೆ. ರಕ್ತದಲ್ಲಿ 65 ಇದ್ದರೂ ಪರದೆಯಲ್ಲಿ 45 ಕಾಣಿಸಬಹುದು, ಆ ಅಂತರ ನಾಳೆಗೆ ಬೇರೆಯೇ ಆಗಬಹುದು. ಮೂಗಿನ ಪೈಪಿನಿಂದ ಬರುವ ಆಕ್ಸಿಜನ್ ಮಾದರಿಯನ್ನು ಇನ್ನಷ್ಟು ತೆಳು ಮಾಡುತ್ತದೆ. ಬಾಯಿ ತೆರೆದು ಮಲಗುವವರಾದರೆ ಕೇಳುವುದೇ ಬೇಡ. ಬೈಪ್ಯಾಪ್ ಮಾಸ್ಕಿನ ಗಾಳಿಯಲ್ಲೂ ಇದೇ ಕತೆ.

ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಬೇರೆ. ನಂಬರ್ ತಪ್ಪಾದರೂ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತಾದರೂ ಗೊತ್ತಾಗುತ್ತದಲ್ಲ ಅಂತ ಅಂದುಕೊಂಡಿದ್ದೆ. ಅದೂ ಖಾತ್ರಿಯಿಲ್ಲ. ರೋಗಿ ಸುಸ್ತಾಗಿ ಸಣ್ಣ ಸಣ್ಣ ಉಸಿರು ಬಿಟ್ಟರೆ ಆಳದ ಗಾಳಿ ಹೊರಗೇ ಬರುವುದಿಲ್ಲ, ಪರದೆಯ ನಂಬರ್ ಇಳಿಯುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ಸಿಓಟು ಏರುತ್ತಿರುತ್ತದೆ! ಕ್ಲಿಪ್ ಒಂದು ಸಲ ಮೋಸ ಮಾಡಿದ ಮೇಲೆ ಇನ್ನೊಂದು ಮೋಸಗಾರನನ್ನು ಮನೆಗೆ ತರುವ ಧೈರ್ಯ ನನಗಿಲ್ಲ. ಅರಿವಳಿಕೆ ಕೊಟ್ಟಾಗ, ಗಂಟಲಿನಲ್ಲಿ ಟ್ಯೂಬ್ ಇದ್ದಾಗ ಇದು ಜೀವ ಉಳಿಸುವ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಮೂಗಿನ ಪೈಪಿನ ಸಿಓಪಿಡಿ ರೋಗಿಗೆ ಇದನ್ನು ಕೊಳ್ಳಬೇಡಿ. ಬೆರಳುದ್ದದ ಪುಟ್ಟ ಮಾದರಿ ತೋರಿಸಿ 'ಇದು ಎಬಿಜಿಯ ಹಾಗೇ' ಅಂದ ಅಂಗಡಿಯವರೊಬ್ಬರಿಗೆ ನಾನು ಮುಂಗಡ ಕೊಟ್ಟಿದ್ದೆ. ಹಣ ವಾಪಸ್ ಬರಲಿಲ್ಲ.

ಚರ್ಮದ ಮೇಲಿಂದ: ಟ್ರಾನ್ಸ್‌ಕ್ಯುಟೇನಿಯಸ್

ಚುಚ್ಚದ ದಾರಿಗಳಲ್ಲಿ ನನಗೆ ನಂಬಿಕೆ ಬಂದದ್ದು ಇದೊಂದರ ಮೇಲೆ. ಇದರ ಒಳಗಿನ ಎಲೆಕ್ಟ್ರೋಡಿನ ಮೂಲ ಹಳೆಯದು. 1950ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೋ ಯೋಚಿಸಿ ಜಾನ್ ಸೆವರಿಂಗ್‌ಹೌಸ್ ತಿದ್ದಿದ್ದು, ಎಬಿಜಿ ಮಿಷನಿನ ಸಿಓಟು ಭಾಗವೂ ಅದೇ ತತ್ವದ್ದು. ಚರ್ಮವನ್ನು ಸ್ವಲ್ಪ ಬಿಸಿ ಮಾಡಿದರೆ ಕೆಳಗಿನ ಸಣ್ಣ ರಕ್ತನಾಳಗಳು ತೆರೆದುಕೊಂಡು ಅಲ್ಲಿನ ರಕ್ತ ಆರ್ಟರಿಯ ರಕ್ತದ ಹಾಗಾಗುತ್ತದೆ, ಸಿಓಟು ಚರ್ಮದ ಮೂಲಕ ಹೊರಗೆ ನುಸುಳುತ್ತದೆ. ಸೆನ್ಸರ್ ಅದನ್ನು ಹಿಡಿದು, ಬಿಸಿಯಿಂದ ಏರಿದ ಪಾಲನ್ನು ಕಳೆದು ನಂಬರ್ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಸೆನ್‌ಟೆಕ್, ಡೆನ್ಮಾರ್ಕಿನ ರೇಡಿಯೋಮೀಟರ್ ಕಂಪನಿಗಳು ಇಂಥ ಯಂತ್ರ ಮಾಡುತ್ತವೆ.

ಮಾವನವರಿಗೆ ಮಂಗಳೂರಿನಲ್ಲಿ ನಿದ್ದೆ ಪರೀಕ್ಷೆಯ ಕೋಣೆಯಲ್ಲಿ ಒಂದು ರಾತ್ರಿ ಹಾಕಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ. ಟೆಕ್ನಿಷಿಯನ್ ಹುಡುಗಿ ಕಿವಿಹಾಳೆಯನ್ನು ಸ್ಪಿರಿಟಿನಲ್ಲಿ ಒರೆಸಿ, ಹಳೆ ನಾಕಾಣೆಯಷ್ಟು ಅಗಲದ ಸೆನ್ಸರಿಗೆ ಒಂದೇ ಹನಿ ಜೆಲ್ ಬಿಟ್ಟು ಸಿಕ್ಕಿಸಿದಳು. ಅದಕ್ಕೂ ಮೊದಲು ಸೆನ್ಸರನ್ನು ಯಂತ್ರದ ಗೂಡಿನಲ್ಲಿಟ್ಟು ಗ್ಯಾಸಿನ ಸಣ್ಣ ಸಿಲಿಂಡರಿನಿಂದ ಅಳತೆ ಸರಿ ಮಾಡಿಕೊಂಡಳು. ಮಾವ "ಬಿಸಿ ಆಗ್ತದೆ ಮಗಾ" ಅಂದರು. "42 ಡಿಗ್ರಿ ಅಜ್ಜಾ, ಸುಡುವುದಿಲ್ಲ" ಅಂದಳು. ಮೊದಲ ಹದಿನೈದು ನಿಮಿಷದ ನಂಬರ್ ನೋಡಬೇಡಿ ಅಂತ ನನಗೂ ಹೇಳಿದಳು, ಅಷ್ಟು ಹೊತ್ತು ಚರ್ಮ ಬಿಸಿಯಾಗಿ ಅಳತೆ ಒಂದು ಕಡೆ ನಿಲ್ಲಬೇಕು. ಆಮೇಲೆ 53ರಲ್ಲಿ ನಿಂತಿತು. ಹನ್ನೊಂದಕ್ಕೆ ನಿದ್ದೆ. ಎರಡು ಗಂಟೆಗೆ 58. ಮೂರೂವರೆಗೆ ಅವರ ಕಣ್ಣುಗುಡ್ಡೆ ರೆಪ್ಪೆಯೊಳಗೆ ಓಡಾಡುತ್ತಿತ್ತು, ಕನಸಿನ ನಿದ್ದೆ, ಆಗ 67. ಇಡೀ ರಾತ್ರಿ ಬೆರಳಿನ ಕ್ಲಿಪ್ 91, 92, 91. ಅಲ್ಲಾಡಲಿಲ್ಲ.

ಎಬಿಜಿ ಒಂದು ಫೋಟೋ ಅಂದರೆ ಇದು ವಿಡಿಯೋ. ಹಗಲು ಎಚ್ಚರವಿದ್ದಾಗ ತೆಗೆದ ಯಾವ ರಕ್ತದಲ್ಲೂ ಆ 67 ಕಾಣುತ್ತಿರಲಿಲ್ಲ. ನಿದ್ದೆಯ ಡಾಕ್ಟರುಗಳ ಲೆಕ್ಕದಲ್ಲಿ ಸಿಓಟು 55ರ ಮೇಲೆ ಹತ್ತು ನಿಮಿಷ ನಿಂತರೆ, ಅಥವಾ ಎಚ್ಚರದ ಅಳತೆಗಿಂತ 10 ಏರಿ 50 ದಾಟಿ ಹತ್ತು ನಿಮಿಷ ನಿಂತರೆ, ರಾತ್ರಿ ಉಸಿರಾಟ ಸಾಲುತ್ತಿಲ್ಲ ಅಂತ ಅರ್ಥ.

ಹಾಗಂತ ಇದು ದೇವರಲ್ಲ. ಎಬಿಜಿಗೂ ಇದಕ್ಕೂ 7.5ರಷ್ಟು ಆಚೀಚೆ ಆಗುವುದನ್ನು ಒಪ್ಪಿಕೊಳ್ಳಬಹುದು ಅನ್ನುತ್ತಾರೆ. ಹಾಗಾಗಿ 'ಮೊನ್ನೆ 52, ಇವತ್ತು 55' ಅಂತ ತಲೆ ಕೆಡಿಸಿಕೊಳ್ಳಬಾರದು. ರಕ್ತದಲ್ಲಿ ಏರಿದ್ದು ಪರದೆಗೆ ಬರಲು ಒಂದೆರಡು ನಿಮಿಷ ಬೇಕು. ಮೈ ಬಾತಿದ್ದರೆ, ಬಿಪಿ ತೀರಾ ಇಳಿದಿದ್ದರೆ, ಸೆನ್ಸರಿನಡಿ ಗಾಳಿಗುಳ್ಳೆ ಸೇರಿದರೆ ನಂಬರ್ ಕೆಡುತ್ತದೆ. ಗಂಟೆಗಟ್ಟಲೆ ಕಳೆದ ಹಾಗೆ ಅಳತೆ ನಿಧಾನ ಜಾರುತ್ತದೆ, ಅದಕ್ಕೆ ನಮ್ಮ ಡಾಕ್ಟರು ಬೆಳಿಗ್ಗೆ ಐದೂವರೆಗೆ ಒಂದು ಎಬಿಜಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಿವಿಯಲ್ಲಿ ಒಂದು ಕೆಂಪು ಗುರುತು ಉಳಿದಿತ್ತು, ಮಧ್ಯಾಹ್ನಕ್ಕೆ ಹೋಯಿತು. ಬೆಲೆ ಲಕ್ಷಗಳಲ್ಲಿ, ಜೊತೆಗೆ ಆಗಾಗ ಬದಲಿಸುವ ತೆಳು ಪೊರೆ, ಗ್ಯಾಸು, ಜೆಲ್. ಮನೆಗೆ ಕೊಳ್ಳುವ ಮಾತೇ ಇಲ್ಲ, ಒಂದು ರಾತ್ರಿಗೆ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುವುದು. ಬುಕ್ ಮಾಡುವಾಗ 'ನಿದ್ದೆ ಪರೀಕ್ಷೆಯಲ್ಲಿ ಚರ್ಮದ ಸಿಓಟು ಇದೆಯಾ' ಅಂತ ಬಿಡಿಸಿ ಕೇಳಿ. ಬರೀ ಸ್ಯಾಚುರೇಶನ್ ಮತ್ತು ಗೊರಕೆ ನೋಡುವ ಪರೀಕ್ಷೆಗೆ ಹೋಗಿ ಬಂದರೆ ನಮ್ಮ ಕೆಲಸಕ್ಕೆ ಅರ್ಧವೂ ಬರುವುದಿಲ್ಲ.

ಯಾರಿಗೆ ಯಾವುದು

ಈಗಷ್ಟೇ ಮನೆಗೆ ಆಕ್ಸಿಜನ್ ಬರೆದುಕೊಟ್ಟಿದ್ದಾರಾ? ಎಬಿಜಿ ತಪ್ಪಿಸಬೇಡಿ. ಆಕ್ಸಿಜನ್ ಇಲ್ಲದೆ ಒಂದು, ಬರೆದುಕೊಟ್ಟ ಲೀಟರ್ ಹಾಕಿ ಒಂದು. ದಿನಕ್ಕೆ 15 ಗಂಟೆ ಅನ್ನುವ ಲೆಕ್ಕ ಬಂದದ್ದೇ 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ, ಒಂದು ಅಮೆರಿಕದ್ದು, ಒಂದು ಬ್ರಿಟನ್ನಿನದ್ದು. ಅವುಗಳಲ್ಲೂ ರೋಗಿಗಳನ್ನು ಆರಿಸಿದ್ದು ಆರ್ಟರಿ ರಕ್ತ ನೋಡಿ. ಆಕ್ಸಿಜನ್ ಹಾಕಿದ ಮೇಲೆ ಸಿಓಟು 7.5ಕ್ಕಿಂತ ಜಾಸ್ತಿ ಏರಿದರೆ ಬರೀ ಆಕ್ಸಿಜನ್ ಸಾಲದು, ಬೈಪ್ಯಾಪ್ ಬೇಕಾ ಅಂತ ಯೋಚಿಸಬೇಕು ಅನ್ನುವುದು ಬ್ರಿಟಿಷ್ ಮಾರ್ಗಸೂಚಿ. ನಮ್ಮಲ್ಲಿ ಎಷ್ಟೋ ಜನ ಬರೀ ಬೆರಳಿನ ಕ್ಲಿಪ್ ನೋಡಿ ಮಿಷನ್ ಮನೆಗೆ ತಂದಿದ್ದಾರೆ, ಮುಖ್ಯವಾಗಿ ಕೊರೋನಾ ಆದ ಮೇಲೆ. ಅವರು ಒಂದು ಸಲ ಹೋಗಿ ಮಾಡಿಸಿಕೊಂಡು ಬನ್ನಿ.

ಎಲ್ಲ ಸರಿ ಇದೆ, ತಿರುಗಾಡುತ್ತಾರೆ, ಹಳೆಯ ಎಬಿಜಿಯಲ್ಲಿ ಸಿಓಟು ಸರಿಯೇ ಇತ್ತು ಅಂದರೆ, ಡಾಕ್ಟರು ಹೇಳಿದಾಗ ಬೈಕಾರ್ಬನೇಟ್ ಅಥವಾ ಕೈಯ ರಕ್ತ ಸಾಕು. ಏರಿದ್ದರೆ ಮುಂದಿನ ಹೆಜ್ಜೆ.

ಬೆಳಿಗ್ಗೆ ಎದ್ದಾಗ ತಲೆನೋವು, ಹಗಲು ಪೇಪರ್ ಹಿಡಿದುಕೊಂಡೇ ತೂಕಡಿಕೆ, ಮಾತಿನಲ್ಲಿ ಗಲಿಬಿಲಿ ಇದ್ದರೆ ಹಗಲಿನ ಎಬಿಜಿ ಒಂದನ್ನೇ ನಂಬಬೇಡಿ. ರಾತ್ರಿಯ ಚರ್ಮದ ಪರೀಕ್ಷೆ ಕೇಳಿ. ಆಸ್ಪತ್ರೆಗೆ ಸೇರಿ ಬಂದವರಾದರೆ ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಂದು ಎಬಿಜಿ. ಆಗಲೂ 53ರ ಮೇಲೆ ಉಳಿದಿದ್ದ ಸಿಓಪಿಡಿ ರೋಗಿಗಳಿಗೆ ಮನೆ ಆಕ್ಸಿಜನ್ ಜೊತೆ ಬೈಪ್ಯಾಪ್ ಸೇರಿಸಿ ನೋಡಿದ ಬ್ರಿಟಿಷ್ ಅಧ್ಯಯನವೊಂದು 2017ರಲ್ಲಿ ಬಂತು. ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ತನಕದ ನಡುಮಟ್ಟದ ಅವಧಿ ಬರೀ ಆಕ್ಸಿಜನ್ ಇದ್ದವರಲ್ಲಿ 1.4 ತಿಂಗಳು, ಬೈಪ್ಯಾಪ್ ಸೇರಿದವರಲ್ಲಿ 4.3 ತಿಂಗಳು. ಮಾವ ಈಗ ರಾತ್ರಿ ಬೈಪ್ಯಾಪ್ ಹಾಕಿಕೊಳ್ಳುತ್ತಾರೆ, ಬೈಯುತ್ತಾ.

ಹಾಸಿಗೆ ಹಿಡಿದವರ ವಿಷಯ ಬೇರೆ. ನಮ್ಮ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವವರು) ಬರುವಾಗ ಬಾಗಿಲಲ್ಲೇ "ಶ್ವಾಸಂ ಮುಟ್ಟಲುಂಡೋ" (ಉಸಿರು ಕಟ್ಟುತ್ತದಾ) ಅಂತ ಕೇಳಿಕೊಂಡೇ ಬರುತ್ತಾರೆ, ಆಮೇಲೆ ಮಾವನ ಎರಡೂ ಕೈ ಮುಂದೆ ಚಾಚಿಸಿ ಅಂಗೈ ಮೇಲಕ್ಕೆ ಬಾಗಿಸುತ್ತಾರೆ, ಬಸ್ ನಿಲ್ಲಿಸಲು ಕೈ ತೋರಿಸುವ ಹಾಗೆ. ಕೈ ಪಟಪಟ ಅಂತ ಕೆಳಗೆ ಬಿದ್ದು ಎದ್ದು ಮಾಡಿದರೆ ಸಿಓಟು ಏರಿರಬಹುದು. ಖರ್ಚಿಲ್ಲದ ಪರೀಕ್ಷೆ. ಅದು ಇಲ್ಲದಿದ್ದರೂ ಸಿಓಟು ಸರಿ ಇದೆ ಅಂತ ಹೇಳಲಾಗದು, ಆದರೆ ಇದ್ದರೆ ಕಾಯಬಾರದು. ಪ್ರಯಾಣವನ್ನೇ ತಾಳಲಾರದವರಿಗೆ ರಿಪೋರ್ಟ್ ಬಂದ ಮೇಲೆ ಏನಾದರೂ ಬದಲಿಸಲು ಇದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಸುಮ್ನೆ ಚುಚ್ಚಿಸಬೇಡಿ.

2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮಗೆಲ್ಲ ಅನುಭವವಾಗಿದೆ, ಫೈಲು ಒಂದು ರಾಜ್ಯದಲ್ಲಿ ರೋಗಿ ಇನ್ನೊಂದು ರಾಜ್ಯದಲ್ಲಿ ಅಂತಾದರೆ ಏನು ಗತಿ ಅಂತ. ಮಾವನ ಎಬಿಜಿಗಳ ಫೋಟೋ ಮನೆಯ ನಾಲ್ಕು ಫೋನಿನಲ್ಲೂ ಇದೆ. ಮಿಷನಿನ ಗಾಜಿನ ಕೊಳವೆಯಲ್ಲಿ ಒಂದೂವರೆಯ ಗೆರೆಗೆ ಅತ್ತೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದಾರೆ. ಗುಂಡಿನ ನಡುಭಾಗ ಆ ಗೆರೆಗೆ ಸರಿಯಾಗಿರಬೇಕು, ಮೇಲ್ಭಾಗವಲ್ಲ. ಮಿಷನಿನ ಬದಿಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದು ಚೀಟಿ ಅಂಟಿಸಿದ್ದೇನೆ: 'ಸಿಓಟು ನಿಲ್ಲುವ ರೋಗಿ. ಸ್ಯಾಚುರೇಶನ್ 88ರಿಂದ 92 ಸಾಕು. ನೆಬ್ಯುಲೈಸರ್ ಗಾಳಿಯಲ್ಲಿ ಕೊಡಿ, ಆಕ್ಸಿಜನ್ನಿನಲ್ಲಿ ಬೇಡ.' ಕಳೆದ ತಿಂಗಳು ಮತ್ತೆ ದಮ್ಮು ಜಾಸ್ತಿಯಾಗಿ 108 ಆಂಬುಲೆನ್ಸ್ ಬಂದಾಗ ಹುಡುಗ ದೊಡ್ಡ ಮಾಸ್ಕ್ ಕೈಯಲ್ಲಿ ಹಿಡಿದುಕೊಂಡೇ ಮಲಯಾಳದ ಸಾಲು ಓದಿದ. ಮಾಸ್ಕನ್ನು ಚೀಲಕ್ಕೆ ವಾಪಸ್ ಹಾಕಿ, ಮೂಗಿನ ಪೈಪನ್ನೇ ಸಿಲಿಂಡರಿಗೆ ಸಿಕ್ಕಿಸಿ, "ಎಷ್ಟು ಲೀಟರ್ ಚೇಚಿ?" ಅಂತ ಕೇಳಿದ.